ಷರಾ

ಬೆಳಿಗ್ಗೆ ಎಂಟೂವರೆಗೆ
ಪುಣೆಯ ಬಾನು ನನ್ನ ಸಹಿಗೆ ಕಾಯುತ್ತಿತ್ತು.
ಹಾಗಂತ ಅಂದುಕೊಂಡಿದ್ದೆ, ಇಪ್ಪತ್ತೊಂಬತ್ತು ವರುಷ.

ಶಿವಾಜಿನಗರದ ವೇಧಶಾಳೆ, ಹಿಂದಿನ ಅಂಗಳ,
ಚಪ್ಪಲಿ ತೋಯುವಷ್ಟು ಇಬ್ಬನಿ.
ಬಿಳಿ ಪಟ್ಟಿಪಟ್ಟಿ ಪೆಟ್ಟಿಗೆಯ ಬಾಗಿಲು ತೆಗೆದು
ಒಣ ಪಾದರಸ ಇಷ್ಟು, ಒದ್ದೆಯದು ಇಷ್ಟು,
ಗಾಳಿ ನೈರುತ್ಯದಿಂದ,
ಮೋಡ ಎಂಟರಲ್ಲಿ ಮೂರು ಪಾಲು.
ಬಾನನ್ನು ಎಂಟು ಪಾಲು ಮಾಡಿದವರು ಯಾರೋ,
ಅಣ್ಣತಮ್ಮಂದಿರ ಜಗಳ ಕಂಡವರೇ ಇರಬೇಕು.

ಕೊನೆಗೊಂದು ಅಂಕಣ ಉಳಿಯುತ್ತಿತ್ತು: ಷರಾ.
ಅದರಲ್ಲಿ ಮೂರು ಸಾಲು ಹಿಡಿಯುತ್ತವೆ, ನಾಲ್ಕನೆಯದು
ನಾಳೆಯ ತಾರೀಖಿನ ಮೇಲೆ ಬೀಳುತ್ತದೆ.
ಮೊದಲ ಸಲ ಬರೆದದ್ದು ಚೈತ್ರದಲ್ಲಿ,
ನಿಜಕ್ಕೂ ಅದು ಲೆಕ್ಕವೇ ಆಗಿತ್ತು:

    ಮಳೆಮಾಪಕ
    ಸೊನ್ನೆ. ತಳದಲ್ಲೊಂದು
    ಬೇವಿನ ಹೂವು

ಪೆಂಡಸೆ ಸಾಹೇಬರು ಕನ್ನಡಕ ಹಣೆಗೇರಿಸಿ
'ಗಲಗಲಿ ಬಾಯಿ, ಇದೇನು?' ಎಂದರು.
ಹೇಳಿದೆ.
'ಷರಾ ಎಂದರೆ ಗುಡುಗು, ಮಿಂಚು, ಆಲಿಕಲ್ಲು.
ಹೂವಿಗೆ ಸಂಕೇತ ಇಲ್ಲ ಕೈಪಿಡಿಯಲ್ಲಿ.'
ಅಂದಿನಿಂದ ಪೆನ್ಸಿಲ್ಲು.

ರಾತ್ರಿಪಾಳಿಯ ಸಾಳುಂಕೆಗೆ ಮಾತ್ರ ಬಿಡದ ಕುತೂಹಲ.
ಮರಾಠಿಯಲ್ಲಿ ಹೇಳಹೋದರೆ ಅವನ ಚಹಾ ಆರುತ್ತಿತ್ತು:
ಬೇವು ಅಂದರೆ ಯುಗಾದಿ, ಅಂದರೆ ಕಹಿ, ಅಂದರೆ
ಮಳೆಗೆ ಇನ್ನೂ ಎರಡು ತಿಂಗಳು, ಅಂದರೆ...
'ಪುಸ್ತಕದಲ್ಲಿ ಅಷ್ಟಿಲ್ಲವಲ್ಲ' ಎಂದ.
ಇರಲಿಲ್ಲ.
ಬರೆಯುವುದನ್ನು ಅವನಿಂದ ಕಲಿತೆ ಎಂದರೆ ನಗುತ್ತಾನೆ.

ಮನೆಗೆ ಹೋಗುವ ಬಸ್ಸಿನಲ್ಲಿ ಬೆರಳು ಮಡಿಸುತ್ತ
ಐದು, ಏಳು, ಐದು.
ಕನ್ನಡ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ,
ಒತ್ತಕ್ಷರ ಹೊತ್ತೇ ಬರುತ್ತದೆ, ಸೊಂಟದ ಮೇಲೆ ಕೂಸು.
ಟಿಕೀಟು ಒಂದಕ್ಕಾ, ಎರಡಕ್ಕಾ?

ಪುಷ್ಯದಲ್ಲಿ, ಮುಠಾ ನದಿಯ ಮೇಲೆ:

    ಮಂಜು. ಸೇತುವೆ
    ದಾಟುವ ಸೈಕಲ್‌ಗಂಟೆ
    ಸೈಕಲಿಲ್ಲದೆ

ವಳೀವ ಹೊಡೆದ ಸಂಜೆ (ನಮ್ಮ ಕಡೆ ಅಡ್ಡಮಳಿ):

    ಆಲಿಕಲ್ಲಿಗೆ
    ಕೈಯೊಡ್ಡಿದ ಸಾಳುಂಕೆ
    ತಲೆಗೆ ಫೈಲು

'ಇದು ಕವಿತೆಯೋ, ಚಾಡಿಯೋ?' ಎಂದ ಅವನು.
ಅಳಿಸಬೇಡಿ ಎಂದೂ ಅಂದ.

ಆ ವರ್ಷ ನನಗೆ ಕಾಮಾಲೆ.
ಹನ್ನೆರಡು ದಿನ ಗೋಡೆಗೆ ಮುಖ ಮಾಡಿ
ಮಾತ್ರೆ ಎಣಿಸಿದೆ, ಎರಡೂ ಬಗೆಯವು.
ಎರಡರಲ್ಲೂ ಗುಣ ಕಾಣಲಿಲ್ಲ.
ಎದ್ದು ಬಂದು ದಪ್ಪ ಪುಸ್ತಕ ತೆರೆದರೆ
ಹನ್ನೊಂದು ದಿನದ ಷರಾ ಖಾಲಿ.
ಹನ್ನೆರಡನೆಯದರಲ್ಲಿ, ಪೆನ್ಸಿಲ್ಲಿನಲ್ಲಿ,
ಸಾಳುಂಕೆಯ ಓರೆ ಅಕ್ಷರ, ಅವನ ಮರಾಠಿ:

    ಬಾಯಿ ರಜೆ.
    ಗಾಳಿ ಶಾಂತ.
    ಷರಾ ಇಲ್ಲ.

ಎಣಿಸಿದೆ. ಐದೂ ಕೂಡಲಿಲ್ಲ, ಏಳೂ ಕೂಡಲಿಲ್ಲ.
ಮತ್ತೆ ಎಣಿಸಲಿಲ್ಲ.

ಈಗ ಅಂಗಳದಲ್ಲಿ ಕಂಬ, ಕಂಬದಲ್ಲಿ ಯಂತ್ರ.
ಹದಿನೈದು ನಿಮಿಷಕ್ಕೊಮ್ಮೆ ತಾನೇ ಬರೆಯುತ್ತದೆ,
ಷರಾ ಎಂಬ ಅಂಕಣ ಅದಕ್ಕೆ ಕೊಟ್ಟಿಲ್ಲ.
ಅದರ ತಪ್ಪು ಹುಡುಕುವುದು ನನ್ನ ಕೆಲಸ,
ಇನ್ನೆಂಟು ತಿಂಗಳು.

ನಿನ್ನೆ ಚುರುಗುಟ್ಟುವ ಬಿಸಿಲಲ್ಲಿ ತೋರಿಸಿತು:
ಮಳೆ, ಅರ್ಧ ಮಿಲಿಮೀಟರು.
ಕೊಡೆ ಹಿಡಿದೇ ಹೋದೆ, ಯಂತ್ರಕ್ಕೆ ಅವಮಾನ ಬೇಡವೆಂದು.
ನಲ್ಲಿಯಡಿ ಮಿಂದು ಬಂದ ಗೊರವಂಕ
ಮಾಪಕದ ಅಂಚಿಗೆ ಕೂತು ಮೈ ಕೊಡವುತ್ತಿತ್ತು,
ಒಮ್ಮೆ, ಇನ್ನೊಮ್ಮೆ, ನನ್ನನ್ನು ನೋಡಿ ಮತ್ತೂ ಒಮ್ಮೆ.

ಒಳಗೆ ಬಂದು ಸೊನ್ನೆ ಎಂದು ತಿದ್ದಿದೆ.
ಲೆಕ್ಕ ಲೆಕ್ಕವೇ.
ಸಂಜೆ ಬಸ್ಸಿನಲ್ಲಿ, ಟಿಕೀಟಿನ ಬೆನ್ನಿಗೆ:

    ನಿಚ್ಚಳ ಬಾನು.
    ಮಳೆ, ಗೊರವಂಕವು
    ಕೊಡವಿದಷ್ಟು

ಸಾಳುಂಕೆ ನಿವೃತ್ತನಾಗಿ ಸಾಸವಡದಲ್ಲಿದ್ದಾನೆ, ಸೀತಾಫಲದ ನಾಲ್ಕು ಗಿಡ.
ಫೋನು ಮಾಡಿ ಓದಿದೆ. ಗೊರವಂಕ ಎಂದರೆ?
ಮರಾಠಿಯಲ್ಲಿ ಅದು ಸಾಳುಂಕಿ.

ಆ ಕಡೆ ತುಸು ಹೊತ್ತು ಬರೀ ಗಾಳಿ.
ಆಮೇಲೆ, 'ಮತ್ತೆ ನನ್ನ ಮೇಲೇ ಚಾಡಿಯಾ, ಬಾಯಿ?'